ದೂರದ ಮೀಡಿಯಂ ವೇವ್ ನಿಲಯ: ಗುರುತು ಹಿಡಿಯಲು ಗಡಿಯಾರ ಸಾಕು

ಹಗಲಲ್ಲಿ ಮೀಡಿಯಂ ವೇವ್ ರೇಡಿಯೋ ಅಲೆಗಳನ್ನು ಹೀರಿಬಿಡುವ ಡಿ ಪದರ (ಮೇಲಿನ ವಾತಾವರಣದ ವಿದ್ಯುತ್ ಕಣಗಳ ಪದರ) ಸಂಜೆ ಕರಗುತ್ತದೆ. ಆಮೇಲೆ ಕಾಸರಗೋಡಿನ ಜಗಲಿಯಲ್ಲಿ ಕೂತರೂ ಕೊಲ್ಲಿ ದೇಶಗಳ ನಿಲಯಗಳು ಸಿಗುತ್ತವೆ. ಕೇಳಿಸುವುದು ಸುಲಭ. ಯಾವುದೆಂದು ಖಚಿತವಾಗಿ ಹೇಳುವುದೇ ಕೆಲಸ.

ನಾನು ಮೊದಲು ನಿಲಯ ಸಿಕ್ಕ ಕಂಪನಾಂಕದ ಅಂಕಿ (ಕಿಲೋಹರ್ಟ್ಸ್‌ನಲ್ಲಿ) ನೋಡುತ್ತೇನೆ. ಅಮೆರಿಕ ಖಂಡಗಳನ್ನು ಬಿಟ್ಟರೆ ನಿಲಯಗಳು 9ರ ಮಗ್ಗಿಯಲ್ಲೇ ಇರುತ್ತವೆ: ಬೆಂಗಳೂರು 612, ಶ್ರೀಲಂಕಾದ ಪುತ್ತಲಂ 882, ಮಂಗಳೂರು 1089. ಅಂಕಿಗಳನ್ನು ಕೂಡಿದರೆ 9 ಅಥವಾ 18 ಬರಬೇಕು (999ಕ್ಕೆ ಮಾತ್ರ 27). ಬಾರದಿದ್ದರೆ ಹೆಚ್ಚಾಗಿ ಅದು ಪ್ರತಿಬಿಂಬ, ಅಂದರೆ ಬೇರೆ ಕಂಪನಾಂಕದ ನಿಲಯ ಸೆಟ್ಟಿನ ದೋಷದಿಂದ ಇಲ್ಲಿ ಕೇಳಿಸುವುದು. 455 ಕಿಲೋಹರ್ಟ್ಸ್ ಐಎಫ್‌ನ (ಸೆಟ್ಟು ಬಂದ ಸಂಕೇತವನ್ನು ಒಳಗೆ ಬದಲಿಸಿಕೊಳ್ಳುವ ಮಧ್ಯಂತರ ಕಂಪನಾಂಕದ) ಸಾದಾ ಸೆಟ್ಟಿನಲ್ಲಿ ಪ್ರಬಲ ನಿಲಯ ಅದರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ಕೆಳಗೆ ಇನ್ನೊಮ್ಮೆ ಮೂಡುತ್ತದೆ. 1521ರದ್ದು 611ರಲ್ಲಿ ಬಂದು, ಪಕ್ಕದ ಬೆಂಗಳೂರಿನ ಜೊತೆ ತಾಗಿ ಸಣ್ಣ ಸೀಟಿ ಹೊಡೆಯುತ್ತದೆ.

ದಿಕ್ಕನ್ನು ಇಲ್ಲಿ ಪೂರ್ತಿ ನಂಬುವಂತಿಲ್ಲ. ಸೆಟ್ಟಿನೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ನಿಲಯದತ್ತ ತಿರುಗಿದಾಗ ದನಿ ಇಳಿಯುತ್ತದೆ. ಆದರೆ ಅದು ತೋರಿಸುವುದು ಗೆರೆಯನ್ನು, ಬದಿಯನ್ನಲ್ಲ. ಕಾಸರಗೋಡಿಗೆ ಕುವೈತ್ ವಾಯವ್ಯ, ಪುತ್ತಲಂ ಆಗ್ನೇಯ: ಎರಡೂ ಹೆಚ್ಚುಕಡಿಮೆ ಒಂದೇ ಗೆರೆ! 1089ರ ಅಬ್ಬರ 1080, 1098ಕ್ಕೂ ಚೆಲ್ಲಿದಾಗ ಕಡ್ಡಿಯನ್ನು ಮಂಗಳೂರಿನತ್ತ, ಅಂದರೆ ತುಸು ಪಶ್ಚಿಮಕ್ಕೆ ವಾಲಿದ ಉತ್ತರಕ್ಕೆ, ತಿರುಗಿಸಿ ತಗ್ಗಿಸಬಹುದು. ಮನೆಯ ಎಲ್‌ಇಡಿ ಬಲ್ಬುಗಳನ್ನು ಆರಿಸದೆ ಇದ್ಯಾವುದೂ ನಡೆಯದು.

ನಿಜವಾದ ಗುರುತು ಗಡಿಯಾರದಲ್ಲಿದೆ. ನಿಲಯಗಳು ತಾಸು ತುಂಬುವಾಗ ಪಿಪ್ (ಸಮಯ ಸೂಚಿಸುವ ಚಿಕ್ಕ ಬೀಪ್) ಕೊಟ್ಟು ಹೆಸರು ಹೇಳುವುದು ವಾಡಿಕೆ. ನಮ್ಮ ಸಮಯಕ್ಕೆ (ವಿಶ್ವಸಮಯಕ್ಕಿಂತ ಐದೂವರೆ ಗಂಟೆ ಮುಂದೆ) ಅರ್ಧ ಗಂಟೆಯ ಬಾಲ ಇದೆಯಲ್ಲ, ಅದೇ ಉಪಕಾರ. ಕುವೈತ್, ಸೌದಿ, ಒಮಾನ್, ಪಾಕಿಸ್ತಾನ, ಚೀನಾಗಳ ತಾಸು ನಮಗೆ ಅರ್ಧಕ್ಕೆ ತುಂಬುತ್ತದೆ. ಇರಾನ್, ಅಫ್ಘಾನಿಸ್ತಾನ, ಶ್ರೀಲಂಕಾ, ಮ್ಯಾನ್ಮಾರ್‌ಗಳದ್ದು ನಮ್ಮ ತಾಸಿಗೇ. ನೇಪಾಳದ್ದು 45ನೇ ನಿಮಿಷಕ್ಕೆ. ಹಾಗಾಗಿ ನಾನು ರೆಕಾರ್ಡರನ್ನು 28ರಿಂದ 32ನೇ ನಿಮಿಷದವರೆಗೆ, ಮತ್ತೆ 58ರಿಂದ 02ರವರೆಗೆ ಓಡಿಸುತ್ತೇನೆ. ದನಿ ಏರಿಳಿಯುವಾಗ ಹೆಸರೇ ಮುಳುಗಿಹೋಗುವುದುಂಟು; ರೆಕಾರ್ಡಿಂಗನ್ನು ಹತ್ತು ಸಲ ತಿರುಗಿಸಿ ಕೇಳಬಹುದು.

ಭಾಷೆ ಗೊತ್ತಿರಬೇಕೆಂದಿಲ್ಲ. ಶಿಷ್ಟ ಅರಬ್ಬಿಯಲ್ಲಿ ಪ, ಚ ಇಲ್ಲ. ಅವು ಪದೇ ಪದೇ ಕೇಳಿದರೆ ಫಾರ್ಸಿಯನ್ನೋ ಉರ್ದುವನ್ನೋ ಶಂಕಿಸಿ. ಸೂರ್ಯ ಮುಳುಗುತ್ತಲೇ ನಿಲಯದಲ್ಲಿ ಕೇಳಿಸುವ ಮಗ್ರಿಬ್ ಬಾಂಗ್ (ಸಂಜೆ ನಮಾಜಿನ ಕರೆ) ಇನ್ನೂ ಒಳ್ಳೆಯ ಸುಳಿವು. ಪಶ್ಚಿಮಕ್ಕೆ ಒಂದು ರೇಖಾಂಶ ಹೋದರೆ ಸೂರ್ಯಾಸ್ತ 4 ನಿಮಿಷ ತಡ. ನಮ್ಮದು 75°, ಕುವೈತ್‌ನದು 48°. ಹಗಲು ರಾತ್ರಿ ಸಮವಾಗಿರುವ ಮಾರ್ಚ್, ಸೆಪ್ಟೆಂಬರ್‌ಗಳಲ್ಲಿ ನಮ್ಮೂರಿನ ಬಾಂಗ್ ಆಗಿ ಸುಮಾರು 108 ನಿಮಿಷಕ್ಕೆ ಅಲ್ಲಿಯದು. ಚಳಿಗಾಲದಲ್ಲಿ ಈ ಅಂತರ ಕುಗ್ಗುತ್ತದೆ, ಬೇಸಿಗೆಯಲ್ಲಿ ಹಿಗ್ಗುತ್ತದೆ.