ಹಳೇ ಜೀಪಿಗೆ ಡಿಸ್ಕ್ ಬ್ರೇಕ್: ಪೈಪ್ ಆರಿಸುವಾಗ ತುದಿ ನೋಡಿ

ಚಿಕ್ಕಬಳ್ಳಾಪುರದ ಸುತ್ತಮುತ್ತ ಹಳೇ ಜೀಪುಗಳ ಆಯಸ್ಸು ಗಟ್ಟಿ. ಹಿಂದಿನ ಸೀಟು ಕಿತ್ತು, ತಗಡಿನ ತೊಟ್ಟಿ ಕೂರಿಸಿಕೊಂಡು ದ್ರಾಕ್ಷಿ ಕ್ರೇಟು, ಟೊಮೆಟೊ ಬಾಕ್ಸು, ಸೇವಂತಿಗೆ ಮೂಟೆ ಹೊರುವ ಪಿಕಪ್ಪುಗಳಿವೆ. ಬಣ್ಣ ಹೊಡೆಸಿ, ಹೊದಿಕೆ ಹೊದಿಸಿ, ಭಾನುವಾರ ಮಾತ್ರ ಹೊರಗೆ ತೆಗೆಯುವಂಥವೂ ಇವೆ. ನಂದಿ ಬೆಟ್ಟ ಇಳಿದು ಬಂದ ಮೇಲೆ ಎರಡೂ ಕಡೆಯವರ ದೂರು ಒಂದೇ: ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಡ್ರಮ್ ಕಾದರೆ ಹಿಗ್ಗುತ್ತದೆ, ಲೈನಿಂಗ್ ಹಿಡಿತ ಬಿಡುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಮಳೆಯಲ್ಲಿ ಡ್ರಮ್ಮಿಗೆ ನೀರು ನುಗ್ಗಿದರೆ ಮೊದಲ ಎರಡು ಮೂರು ಸಲ ಒತ್ತಿದ್ದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಮುಂದಿನ ಎರಡು ಚಕ್ರಕ್ಕಾದರೂ ಡಿಸ್ಕ್ ಹಾಕಿಸುವ ಆಸೆ.

ಬೊಲೆರೊದ್ದೋ ಜಿಪ್ಸಿಯದ್ದೋ ಡಿಸ್ಕ್, ಅದನ್ನು ಪ್ಯಾಡ್‌ಗಳಿಂದ ಅಮುಕಿ ಹಿಡಿಯುವ ಕ್ಯಾಲಿಪರ್‌ಗಾಗಿ ಜನ ಗುಜರಿ ಅಂಗಡಿಗಳನ್ನು ಜಾಲಾಡುತ್ತಾರೆ, ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ ಬರುತ್ತಾರೆ. ಪೈಪಿನ ಮಾತು ಬಂದಾಗ ಮಾತ್ರ ‘ಇರೋದನ್ನೇ ಬಗ್ಗಿಸಿ ಹಾಕ್ಬಿಡಣ್ಣ’ ಎಂದು ಮೆಕ್ಯಾನಿಕ್ಕಿಗೆ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಪೈಪ್ ಎಷ್ಟು ದಪ್ಪ ಇರಬೇಕು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ದಪ್ಪದ ಪ್ರಶ್ನೆ ಐದು ನಿಮಿಷದ್ದು. ನಿಜವಾದ ಕೆಲಸ ಇರುವುದು ಪೈಪಿನ ಎರಡು ತುದಿಗಳಲ್ಲಿ. ಬ್ರೇಕ್ ಆಯಿಲ್ ಸೋರುವುದು ಹೆಚ್ಚಾಗಿ ಅಲ್ಲೇ.

ಇಲ್ಲಿ ಹೇಳುತ್ತಿರುವುದು ಬ್ರೇಕ್ ಆಯಿಲ್‌ನಿಂದ ನಡೆಯುವ ಗಾಡಿಗಳ ಬಗ್ಗೆ. ಲಾರಿಯ ಏರ್ ಬ್ರೇಕ್‌ಗೆ ಇದು ಯಾವುದೂ ಅನ್ವಯಿಸುವುದಿಲ್ಲ.

ಪಾನಾ ಹಿಡಿಯುವ ಮುನ್ನ ಒಂದು ವಿಚಾರಣೆ ಮುಗಿಸಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಗಾಡಿ ಮೂಲ ರೂಪದಲ್ಲೇ ಇರಬೇಕೆಂಬ ಷರತ್ತಿದೆ. ಕೆಎ 40 ಗಾಡಿಯಾದರೆ ಚಿಕ್ಕಬಳ್ಳಾಪುರ, ಕೆಎ 07 ಆದರೆ ಕೋಲಾರ; ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಮೊದಲು ಮಿಕ್ಕದ್ದೆಲ್ಲ ಕೂರಲಿ

ಪೈಪ್ ಕೊಳ್ಳುವುದು ಕೊನೆಯ ಕೆಲಸ. ಕ್ಯಾಲಿಪರ್, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್, ವಾಲ್ವ್ ಎಲ್ಲವೂ ತಮ್ಮ ಜಾಗದಲ್ಲಿ ಬೋಲ್ಟ್ ಆಗಿ ನಿಂತ ಮೇಲಷ್ಟೇ ಅಳತೆ. ಹಳೇ ಜೀಪಿನ ಒಂಟಿ ಕೋಣೆಯ ಮಾಸ್ಟರ್ ಸಿಲಿಂಡರನ್ನು ಇದೇ ನೆಪದಲ್ಲಿ ತೆಗೆದುಹಾಕಿ ಎಂಬುದು ನನ್ನ ಒತ್ತಾಯ. ಅದರಲ್ಲಿ ಎಲ್ಲಿ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರ್‌ನಲ್ಲಿ ಮುಂದಿನದಕ್ಕೆ ಒಂದು, ಹಿಂದಿನದಕ್ಕೆ ಒಂದು ಎಂದು ಬೇರೆ ಬೇರೆ ದಾರಿ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಡಿಸ್ಕ್ ಪ್ಯಾಡ್ ಸವೆದಂತೆಲ್ಲ ಕ್ಯಾಲಿಪರ್ ಒಳಗೆ ಹೆಚ್ಚು ಆಯಿಲ್ ಉಳಿದುಕೊಳ್ಳುವುದರಿಂದ ಮಾಸ್ಟರ್ ಸಿಲಿಂಡರ್ ಮೇಲೆ ಆಯಿಲ್ ತುಂಬಿಡುವ ದೊಡ್ಡ ಡಬ್ಬಿಯೂ ಬೇಕಾಗುತ್ತದೆ.

ಬೂಸ್ಟರ್ ಹಾಕುವವರಿಗೆ ಒಂದು ಮಾತು: ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿನಂತೆ ತಾನಾಗಿ ವ್ಯಾಕ್ಯೂಮ್ ಕೊಡುವುದಿಲ್ಲ. ಆಲ್ಟರ್ನೇಟರ್ ಹಿಂದೆ ಕೂರುವ ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಬೂಸ್ಟರ್ ಇದ್ದೂ ಇಲ್ಲದಂತೆ.

ದಪ್ಪದ ಲೆಕ್ಕ

ಡ್ರಮ್ಮಿನಲ್ಲಿ ತಿರುಗುವ ಚಕ್ರವೇ ಮುಂದಿನ ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ. ಡಿಸ್ಕ್‌ಗೆ ಆ ಸಹಾಯವಿಲ್ಲ, ಪೂರ್ತಿ ಹಿಡಿತ ಆಯಿಲ್ ಒತ್ತಡದಿಂದಲೇ ಬರಬೇಕು. ಹಾಗಾದರೆ ದಪ್ಪ ಪೈಪ್ ಹಾಕಿದರೆ ಒತ್ತಡ ಹೆಚ್ಚುತ್ತದೆಯೇ? ಇಲ್ಲ. ಸಣ್ಣ ಪೈಪ್ ಹಾಕಿದರೂ ಹೆಚ್ಚುವುದಿಲ್ಲ. ಮುಚ್ಚಿದ ದ್ರವದಲ್ಲಿ ಒತ್ತಡ ಎಲ್ಲೆಡೆ ಒಂದೇ ಎಂದು ಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ.

ಒತ್ತಡ ತೀರ್ಮಾನವಾಗುವುದು ಮಾಸ್ಟರ್ ಸಿಲಿಂಡರಿನಲ್ಲಿ. ಕಾಲಿನಿಂದ 30 ಕೆ.ಜಿ. ಬಲ ಹಾಕಿದಿರಿ, ಪೆಡಲ್ ಅದನ್ನು ಆರು ಪಟ್ಟು ಮಾಡಿತು ಎಂದುಕೊಳ್ಳಿ: 180 ಕೆ.ಜಿ. ಪಿಸ್ಟನ್ 1 ಇಂಚಿನದ್ದಾದರೆ ಅದರ ಮುಖ ಸುಮಾರು 5 ಚದರ ಸೆಂ.ಮೀ., ಒತ್ತಡ ಸುಮಾರು 500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಪಿಸ್ಟನ್ ಮುಕ್ಕಾಲು ಇಂಚಿನದ್ದಾದರೆ ಅದೇ ಕಾಲಿಗೆ ಸುಮಾರು 900 ಪಿಎಸ್‌ಐ, ಆದರೆ ಪೆಡಲ್ ಹೆಚ್ಚು ದೂರ ಒತ್ತಬೇಕು. ಬ್ರೇಕ್ ಗಟ್ಟಿಯಾಗಿದೆ, ಹಿಡಿಯುತ್ತಿಲ್ಲ ಎಂದರೆ ನೋಡಬೇಕಾದ್ದು ಇಲ್ಲಿ.

ಪೈಪ್ 3/16 ಇಂಚು, ಅಂದರೆ 4.75 ಮಿ.ಮೀ. ಹೊರ ಅಳತೆಯದ್ದು ಸಾಕು. ಕೆಲವು ಹಳೇ ಗಾಡಿಗಳಲ್ಲಿ ಕಾಲಿಂಚಿನ ಪೈಪ್ ಇರುತ್ತದೆ. ತುಕ್ಕಿಲ್ಲದೆ ಚೆನ್ನಾಗಿದ್ದರೆ ದಪ್ಪದ ಕಾರಣಕ್ಕೇ ಕಿತ್ತುಹಾಕಬೇಕಿಲ್ಲ. ಆದರೆ ಚೆನ್ನಾಗಿರುವುದು ಅಪರೂಪ. ಇಷ್ಟು ಕೆಲಸ ಮಾಡುವಾಗ ಪೈಪ್ ಪೂರ್ತಿ ಹೊಸದೇ ಆಗಲಿ.

ತುದಿ: ಥ್ರೆಡ್ಡೂ ಫ್ಲೇರೂ

ಈಗ ಟಾರ್ಚ್ ತನ್ನಿ. ಗಾಡಿ ಇಂಚಿನ ಕಾಲದ್ದು, ಕ್ಯಾಲಿಪರ್ ಮಿಲಿಮೀಟರ್ ಕಾಲದ್ದು. ಹಳೇ ಜೀಪಿನ ಕಡೆ 3/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್ ಸಾಮಾನ್ಯ. ಈಚಿನ ಕಾರು, ಜೀಪುಗಳ ಭಾಗಗಳಲ್ಲಿ ಎಂ10, ಅಂದರೆ 10 ಮಿ.ಮೀ. ಥ್ರೆಡ್, ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಅಂತರ (ಪಿಚ್). ಈ ಎರಡು ಅಳತೆಗಳ ಹತ್ತಿರದ ನಂಟೇ ಅಪಾಯ. 3/8 ಇಂಚು ಎಂದರೆ 9.5 ಮಿ.ಮೀ.; 10 ಮಿ.ಮೀ. ತೂತಿಗೆ ಆ ನಟ್ ಸಲೀಸಾಗಿ ಹೋಗುತ್ತದೆ, ಕೊನೆಗೆ ಸ್ವಲ್ಪ ಬಿಗಿದಂತೆಯೂ ಅನ್ನಿಸುತ್ತದೆ. ಹಿಡಿದಿರುವುದು ಥ್ರೆಡ್ಡಿನ ತುದಿ ಮಾತ್ರ. ಗಾಬರಿಯಾಗಿ ಜೋರಾಗಿ ಬ್ರೇಕ್ ಒತ್ತಿದ ದಿನ ಅದು ಕಿತ್ತುಬರುತ್ತದೆ. ಪಿಚ್ ಗೇಜ್, ವರ್ನಿಯರ್ ಎರಡನ್ನೂ ಇಟ್ಟು ಪ್ರತಿ ತೂತನ್ನೂ ಅಳೆದು, ಚೀಟಿ ಬರೆದು ಅಂಟಿಸಿ. ಕೈಯಲ್ಲೇ ಪೂರ್ತಿ ತಿರುಗಿ ಒಳಗೆ ಹೋಗಬೇಕು, ಅಲ್ಲಾಡಬಾರದು.

ಥ್ರೆಡ್ ಕೂತರೂ ಸಾಲದು, ಆಯಿಲ್ ತಡೆಯುವುದು ಥ್ರೆಡ್ ಅಲ್ಲ, ಪೈಪಿನ ಅರಳಿದ ಬಾಯಿ. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಪೈಪಿನ ಬಾಯಿಯನ್ನು ಒಳಕ್ಕೆ ಮಡಚಿ 45 ಡಿಗ್ರಿಗೆ ಅರಳಿಸಿದ್ದು ಡಬಲ್ ಫ್ಲೇರ್. ಬಾಯಿಯ ಹತ್ತಿರ ಗುಂಡಗೆ ಉಬ್ಬಿಸಿದ್ದು ಬಬಲ್ ಫ್ಲೇರ್. ತೂತಿನೊಳಗೆ ಬೆಳಕು ಬಿಟ್ಟು ನೋಡಿ: ತಳದಿಂದ ನಿಮ್ಮ ಕಡೆಗೆ ಎದ್ದುನಿಂತ ಶಂಕುವಿದ್ದರೆ ಅದಕ್ಕೆ ಡಬಲ್ ಫ್ಲೇರ್, ತಳ ಒಳಕ್ಕೆ ತಗ್ಗಿದ್ದರೆ ಬಬಲ್. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ಎಷ್ಟು ಬಿಗಿದರೂ ಸೋರುತ್ತದೆ. ಬಿಗಿಯುವ ಭರದಲ್ಲಿ ಕೂರುವ ಜಾಗವೂ ಹಾಳಾಗುತ್ತದೆ. ಇಂಚಿನ ಕಡೆಯಿಂದ ಮಿಲಿಮೀಟರ್ ಕಡೆಗೆ ಹೋಗುವ ಪೈಪಿನ ಒಂದು ತುದಿ ಡಬಲ್, ಇನ್ನೊಂದು ಬಬಲ್ ಇರುವುದರಲ್ಲಿ ತಪ್ಪೇನಿಲ್ಲ. ಅಡಾಪ್ಟರ್ ಮೇಲೆ ಅಡಾಪ್ಟರ್ ಪೋಣಿಸುವುದಕ್ಕಿಂತ ಇದೇ ಮೇಲು. ಸೋರುವ ಜಾಗ ಕಡಿಮೆ.

ಯಾವ ಲೋಹ

ಫ್ರಿಜ್ ರಿಪೇರಿಗೆ ಬಳಸುವ ತಾಮ್ರದ ಪೈಪ್ ಸುಲಭವಾಗಿ ಬಗ್ಗುತ್ತದೆ, ಸುಲಭವಾಗಿ ಸಿಗುತ್ತದೆ. ಬ್ರೇಕ್‌ಗೆ ಬೇಡವೇ ಬೇಡ. ಅದರುವಿಕೆಗೆ ತಾಮ್ರ ದಿನದಿನಕ್ಕೆ ಗಡುಸಾಗಿ ಒಂದು ದಿನ ಸೀಳುತ್ತದೆ. ಬ್ರೇಕ್‌ಗೆಂದೇ ಮಾಡಿದ ಸ್ಟೀಲ್ ಪೈಪ್ ಎರಡು ಸುತ್ತು ಸುತ್ತಿ ಬೆಸೆದದ್ದು, ಅಗ್ಗ, ಗಟ್ಟಿ. ಹೆಚ್ಚಿನ ಕಂಪನಿಗಳು ಹಾಕುವುದೂ ಅದನ್ನೇ. ತುಕ್ಕು ಅದರ ಶತ್ರು. ನಮ್ಮ ಕಡೆ ಸಮುದ್ರದ ಉಪ್ಪುಗಾಳಿ ಇಲ್ಲ ನಿಜ, ಆದರೆ ಯೂರಿಯಾ, ಕೊಟ್ಟಿಗೆ ಗೊಬ್ಬರ ಹೊರುವ ಗಾಡಿಯ ಚ್ಯಾಸಿಸ್ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಲೇಪನ ಇರುವ ಪೈಪನ್ನೇ ಕೊಳ್ಳಿ.

ನನ್ನ ಆಯ್ಕೆ ತಾಮ್ರ–ನಿಕಲ್ ಮಿಶ್ರಲೋಹದ್ದು. ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್. ಬಣ್ಣ ತಾಮ್ರದ್ದಾದರೂ ಗುಣ ಬೇರೆ: ತುಕ್ಕು ಹಿಡಿಯದು, ಕೈಯಲ್ಲೇ ಬಗ್ಗುತ್ತದೆ, ಫ್ಲೇರ್ ಸೀಳುವುದು ಕಡಿಮೆ. ಸ್ವೀಡನ್ನಿನ ವೋಲ್ವೊ ಕಂಪನಿ 1970ರ ದಶಕದಲ್ಲೇ ಇದಕ್ಕೆ ಬದಲಾಯಿತು. ಕೊಳ್ಳುವಾಗ ಬ್ರೇಕ್‌ಗೆಂದೇ ಮಾಡಿದ್ದು ಎಂದು ಖಾತ್ರಿಪಡಿಸಿಕೊಳ್ಳಿ. ಬಣ್ಣ ನೋಡಿ ಬರೀ ತಾಮ್ರ ಮನೆಗೆ ತಂದುಬಿಡಬಹುದು. ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ, ಆದರೆ ಗಡುಸು. ಒಳ್ಳೆಯ ಫ್ಲೇರಿಂಗ್ ಟೂಲ್ ಇಲ್ಲದವರು ಅದರ ಸಹವಾಸಕ್ಕೆ ಹೋಗಬೇಡಿ.

ಹೋಸ್

ಕ್ಯಾಲಿಪರ್ ಸ್ಟಿಯರಿಂಗ್ ಜೊತೆ ತಿರುಗುತ್ತದೆ, ಆಕ್ಸಲ್ ಜೊತೆ ಏರಿಳಿಯುತ್ತದೆ. ಈ ಎರಡನ್ನೂ ತಾಳಬೇಕಾದ್ದು ಪೈಪಿಗೂ ಕ್ಯಾಲಿಪರಿಗೂ ನಡುವಿನ ಬಗ್ಗುವ ಹೋಸ್. ಚ್ಯಾಸಿಸ್ಸನ್ನು ಜಾಕ್ ಮಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಪೂರ್ತಿ ಜೋತುಬೀಳಲಿ. ಸ್ಟಿಯರಿಂಗನ್ನು ಆ ಕೊನೆಗೊಮ್ಮೆ ಈ ಕೊನೆಗೊಮ್ಮೆ ತಿರುಗಿಸಿ, ಬಗ್ಗುವ ತಂತಿಯಿಂದ ಅಳತೆ ತೆಗೆಯಿರಿ. ಅತಿ ದೂರದಲ್ಲೂ ಹೋಸ್ ಬಿಗಿಯಬಾರದು. ಆಮೇಲೆ ಗಾಡಿ ಇಳಿಸಿ ಇನ್ನೊಮ್ಮೆ ತಿರುಗಿಸಿ: ಟೈರಿಗೆ, ಸ್ಪ್ರಿಂಗ್ ಪಟ್ಟಿಗೆ ಉಜ್ಜಬಾರದು. ಹೋಸ್ ಮೇಲೆ ಉದ್ದಕ್ಕೆ ಎಳೆದ ಗೆರೆ ಇರುತ್ತದೆ. ಅದು ತಿರುಚಿಕೊಂಡಿದ್ದರೆ ಹೋಸೂ ತಿರುಚಿದೆ ಎಂದರ್ಥ.

ಸ್ಟೀಲ್ ಜಾಲರಿಯ ಹೋಸ್ ಬೇಕೇ ಎಂದು ಹುಡುಗರು ಕೇಳುತ್ತಾರೆ. ಒತ್ತಡಕ್ಕೆ ಕಡಿಮೆ ಹಿಗ್ಗುತ್ತದೆ, ಪೆಡಲ್ ಗಟ್ಟಿ ಅನ್ನಿಸುತ್ತದೆ, ಸರಿ. ಆದರೆ ಜಲ್ಲಿ ಕ್ರಷರ್ ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಜಾಲರಿ ತರಬೇಡಿ. ಎಳೆಗಳ ನಡುವೆ ಸೇರಿದ ಮರಳು ಒಳಗಿನಿಂದಲೇ ಸವೆಸುತ್ತದೆ. ಎಸ್‌ಎಇ ಜೆ1401 (ಬ್ರೇಕ್ ಹೋಸ್‌ನ ಮಾನದಂಡ) ಗುರುತಿರುವ ಒಳ್ಳೆಯ ರಬ್ಬರ್ ಹೋಸ್ ಹೊಲದ ಜೀಪಿಗೆ ಧಾರಾಳವಾಯಿತು. ಗುಜರಿಯಿಂದ ಕ್ಯಾಲಿಪರ್ ತನ್ನಿ, ಹೋಸ್ ಮಾತ್ರ ತರಬೇಡಿ. ಹಳೇ ಹೋಸ್ ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿದ್ದರೆ ಒತ್ತಿದ ಆಯಿಲ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಒಂದು ಚಕ್ರ ಹಿಡಿದೇ ಇರುತ್ತದೆ, ಜನ ಕ್ಯಾಲಿಪರ್ ಬಿಚ್ಚಿ ಬಿಚ್ಚಿ ಸುಸ್ತಾಗುತ್ತಾರೆ. ಹೋಸ್ ತುದಿಯ ಉಂಗುರದ ಮೂಲಕ ಹೋಗುವ ತೂತಿನ ಬೋಲ್ಟ್ (ಬ್ಯಾಂಜೊ ಬೋಲ್ಟ್) ಇದ್ದರೆ ಎರಡೂ ಬದಿಗೆ ಹೊಸ ತಾಮ್ರದ ವಾಷರ್.

ನಡುವಿನ ವಾಲ್ವ್‌ಗಳು

ಜೀಪಿನ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ಚ್ಯಾಸಿಸ್‌ಗೆ ತಗುಲಿಕೊಂಡಿರುತ್ತದೆ. ಕ್ಯಾಲಿಪರ್ ಅದಕ್ಕಿಂತ ಎತ್ತರದಲ್ಲಿದ್ದರೆ ಆಯಿಲ್ ನಿಧಾನಕ್ಕೆ ಹಿಂದಕ್ಕೆ ಇಳಿದು, ಬೆಳಿಗ್ಗೆ ಮೊದಲ ಸಲ ಒತ್ತಿದಾಗ ಪೆಡಲ್ ಖಾಲಿ ಹೋಗುತ್ತದೆ. ಮುಂದಿನ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ 2 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ ಹಾಕಿದರೆ ಇದು ನಿಲ್ಲುತ್ತದೆ, ಬಾಣದ ಗುರುತು ಚಕ್ರದ ಕಡೆಗಿರಲಿ. ಡ್ರಮ್‌ಗೆ ಬೇಕಾದ್ದು ಸುಮಾರು 10 ಪಿಎಸ್‌ಐ. ಡ್ರಮ್‌ಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನ ಒಳಗೇ ಅದು ಅಡಗಿರಬಹುದು. ಡಿಸ್ಕ್ ಕಡೆಯ ಬಾಯಿಂದ ತೆಗೆಯದಿದ್ದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಹಿಂದೆ ಡ್ರಮ್ಮೇ ಉಳಿದಿದ್ದರೆ ಹಿಂದಿನ ಪೈಪಿಗೆ ಆ ಕಡೆ ಹೋಗುವ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಹಿಂದಿನ ಚಕ್ರ ಬೇಗ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ.

ಹಾಕುವುದು

ಪೈಪನ್ನು ಗರಗಸದಲ್ಲಿ ಕೊಯ್ಯಬೇಡಿ; ಕಟರ್ ಬಳಸಿ, ಒಳಗಿನ ಗರಿಯನ್ನು ಕೆರೆದು, ಊದಿ ತೆಗೆಯಿರಿ. ಫ್ಲೇರ್ ಹೊಡೆಯುವ ಮೊದಲೇ ನಟ್ ಪೋಣಿಸಿ. ಇದನ್ನು ಮರೆಯದ ಮೆಕ್ಯಾನಿಕ್ಕಿಲ್ಲ! ಅರಳಿದ ಬಾಯಿ ಒಂದು ಕಡೆ ವಾಲಿದ್ದರೆ, ಕೂದಲೆಳೆಯಷ್ಟು ಸೀಳು ಕಂಡರೆ ಕೊಯ್ದು ಮತ್ತೆ ಹೊಡೆಯಿರಿ. ಅದಕ್ಕೇ ಪೈಪನ್ನು ಒಂದಿಷ್ಟು ಉದ್ದವೇ ತರಬೇಕು. ತುಂಡು ಪೈಪುಗಳನ್ನು ಕಂಪ್ರೆಷನ್ ಜಾಯಿಂಟಿನಿಂದ ಸೇರಿಸುವುದು ನಲ್ಲಿ ಕೆಲಸಕ್ಕೆ ಸರಿ, ಬ್ರೇಕ್‌ಗಲ್ಲ.

ಸೈಲೆನ್ಸರ್‌ನಿಂದ ದೂರ, ಚ್ಯಾಸಿಸ್ಸಿನ ಒಳಬದಿಯಲ್ಲಿ ಕಲ್ಲು ಸಿಡಿಯದ ಕಡೆ ಎಳೆಯಿರಿ. ಒಂದೊಂದು ಅಡಿಗೂ ಒಂದರಂತೆ ರಬ್ಬರ್ ಇರುವ ಕ್ಲಿಪ್ ಹಾಕಿ. ಹೋಸ್ ಮತ್ತು ಪೈಪ್ ಸೇರುವ ಜಾಗವನ್ನು ಚ್ಯಾಸಿಸ್‌ಗೆ ಬೆಸೆದ ಬ್ರ್ಯಾಕೆಟ್ಟಿನಲ್ಲಿ ಹಿಡಿಸಿ, ಪೈಪ್ ತೂಗಾಡಬಾರದು. ನಟ್ ಬಿಗಿಯಲು ಫ್ಲೇರ್ ನಟ್ ಪಾನಾ ಇರಲಿ, ಇಲ್ಲದಿದ್ದರೆ ಮೂಲೆ ಸವೆಯುತ್ತದೆ.

ಆಯಿಲ್, ಏರ್, ಪರೀಕ್ಷೆ

ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಾಳಬೇಕು. ನೀರು ಹೀರಿಕೊಂಡ ಮೇಲೆ ಅದೇ 140 ಮತ್ತು 155ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವ ಗಾಡಿಗೆ ಡಾಟ್ 4, ಸೀಲ್ ಒಡೆಯದ ಹೊಸ ಡಬ್ಬಿ. ಸಿಲಿಕೋನ್‌ನ ಡಾಟ್ 5 ಇದರ ಜೊತೆ ಬೆರೆಯುವುದಿಲ್ಲ. ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ.

ಏರ್ ತೆಗೆಯುವ ಮುಂಚೆ ಕ್ಯಾಲಿಪರಿನಲ್ಲಿ ಏರ್ ಹೊರಬಿಡುವ ನಿಪ್ಪಲ್ ಮೇಲ್ತುದಿಯಲ್ಲಿದೆಯೇ ನೋಡಿ. ಕೆಳಗಿದ್ದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೀರಿ. ದಿನವಿಡೀ ಪಂಪ್ ಮಾಡಿದರೂ ಏರ್ ಹೋಗದು. ದೂರದ ಚಕ್ರದಿಂದ ಶುರು ಮಾಡಬೇಕು. ಸ್ಟಿಯರಿಂಗ್ ಬಲಕ್ಕಿರುವ ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ.

ಏರ್ ತೆಗೆದಾದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಇನ್ನೊಬ್ಬರು ಒಣ ಕಾಗದದಿಂದ ಪ್ರತಿ ನಟ್ಟನ್ನೂ ಒರೆಸಿ ನೋಡಲಿ. ಕಾಗದ ಒಣಗಿದ್ದೂ ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ನೋಡಿ. ಮೊದಲ ಓಟ ಸಮತಟ್ಟಾದ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ. ಒಂದು ವಾರ ಊರೊಳಗೆ ಓಡಿಸಿ, ನಟ್‌ಗಳನ್ನು ಇನ್ನೊಮ್ಮೆ ಒರೆಸಿ ನೋಡಿ, ಡಬ್ಬಿಯ ಮಟ್ಟ ಇಳಿದಿಲ್ಲವೆಂದು ಕಂಡಮೇಲೆ ಕ್ರೇಟು ಹೇರಿ.