ಜುಕಿ ಮಷಿನ್ ನಿಂತ ಮೂರು ತಾಸು: ಕೋವಿಡ್ ಕಾಲದಲ್ಲಿ ನಾನು ಜರ್ಮನಿಗೆ ಅರ್ಜಿ ಹಾಕಿದ್ದು

ನಮ್ಮ ಮನೆ ಬಳ್ಳಾರಿಯ ಕೌಲ್‌ಬಜಾರಿನಲ್ಲಿದೆ. ಕೆಳಗೆ ಅಪ್ಪನ ಜೀನ್ಸ್ ಹೊಲಿಗೆ ಘಟಕ, ಮೇಲೆ ನಾವು. ಹನ್ನೆರಡು ಜುಕಿ ಮಷಿನ್, ಒಂದು ಓವರ್‌ಲಾಕ್. ಬೆಳಿಗ್ಗೆ ಶುರುವಾದರೆ ಮಹಡಿಯ ನೆಲ ಸಣ್ಣಗೆ ನಡುಗುತ್ತಲೇ ಇರುತ್ತದೆ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಆ ನಡುಕವೂ ನಿಂತಿತು. ನಾನಾಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರ್‌ನಲ್ಲಿದ್ದೆ.

ಜರ್ಮನಿಯೇ ಯಾಕೆ ಅಂದರೆ ದುಡ್ಡು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ಶುಲ್ಕ ಕಟ್ಟಿದರೆ ಆಯಿತು. ಆಗ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಮಾತ್ರ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇತ್ತು. ಆ ರಾಜ್ಯವನ್ನು ಪಟ್ಟಿಯಿಂದ ಮೊದಲೇ ತೆಗೆದೆ. ಚೆಮ್ನಿಟ್ಸ್ ಒಂದು ಕಾಲಕ್ಕೆ ಬಟ್ಟೆ ಗಿರಣಿಗೂ ಗಿರಣಿ ಯಂತ್ರಕ್ಕೂ ಹೆಸರಾದ ಊರು ಎಂದು ಓದಿ ಅಪ್ಪನಿಗೆ ಹೇಳಿದೆ. ಅದಾದ ಮೇಲೆ ಅವರ ಬಾಯಲ್ಲಿ ಜರ್ಮನಿ ಅಂದರೆ ಚೆಮ್ನಿಟ್ಸ್ ಒಂದೇ.

ಒಂದು ಕನ್ಸಲ್ಟೆನ್ಸಿಯವರು 50 ಸಾವಿರ ಕೇಳಿದರು. ಘಟಕ ಮುಚ್ಚಿ ಮೂರು ತಿಂಗಳಾಗಿತ್ತು. ನಾನೇ ಮಾಡಿಕೊಳ್ಳುತ್ತೇನೆ ಅಂದೆ. ಕೋರ್ಸುಗಳ ಪಟ್ಟಿ ಡಾಡ್ (DAAD) ಎಂಬ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಕೊನೆಯ ದಿನಾಂಕವೂ ಅಲ್ಲೇ ಇರುತ್ತದೆ. ದಿನಾಂಕದ ವಿಷಯದಲ್ಲಿ ಹುಷಾರು: ಚಳಿಗಾಲದ ಸೆಮಿಸ್ಟರಿಗೆ ಜುಲೈ 15 ಎಂಬುದು ಎಲ್ಲರ ಬಾಯಲ್ಲಿರುತ್ತದೆ, ಆದರೆ ಹೊರದೇಶದವರಿಗೆ ಎಷ್ಟೋ ಕಡೆ ಅದಕ್ಕಿಂತ ಮುಂಚೆಯೇ ಬಾಗಿಲು ಹಾಕುತ್ತಾರೆ.

ಇಂಗ್ಲಿಷ್ ಪರೀಕ್ಷಾ ಕೇಂದ್ರಗಳು ಮುಚ್ಚಿದ್ದರಿಂದ ಟೋಫೆಲ್ ಅನ್ನು ಮನೆಯಲ್ಲೇ ಬರೆಯುವ ವ್ಯವಸ್ಥೆ ಬಂದಿತ್ತು. ಆಗಿನ ನಿಯಮ: ಕೋಣೆಯಲ್ಲಿ ಒಬ್ಬರೇ ಇರಬೇಕು, ಬಾಗಿಲು ಮುಚ್ಚಿರಬೇಕು, ಇಯರ್‌ಫೋನ್ ಹಾಕುವಂತಿಲ್ಲ, ನೋಟ್ಸ್ ಬರೆಯಲು ಸಾದಾ ಹಾಳೆ ಇಲ್ಲ. ಒರೆಸುವ ಬಿಳಿ ಹಲಗೆ, ಇಲ್ಲವೇ ಪಾರದರ್ಶಕ ಕವರಿನೊಳಗಿಟ್ಟ ಹಾಳೆ. ನಾನು ಡಿಸೆಂಬರಿಗೆ ದಿನ ಹಿಡಿದೆ. ಅಷ್ಟೊತ್ತಿಗೆ ಮಷಿನ್‌ಗಳು ಮತ್ತೆ ಶುರುವಾಗಿದ್ದವು, ಅದೂ ಬಹಳ ದಿನಕ್ಕೆ ಬಂದ ದೊಡ್ಡ ಆರ್ಡರ್. ಪೀಸ್ ರೇಟಿನ ಕೆಲಸ, ನಿಂತಷ್ಟು ಹೊತ್ತೂ ಹೊಲಿಯುವವರ ಕೂಲಿ ಹೋಗುತ್ತದೆ. ಹೇಳಲು ಹಿಂಜರಿದೆ. ಅಪ್ಪ ಕೇಳಿದ್ದು ಒಂದೇ ಮಾತು, "ಎಷ್ಟು ತಾಸಪ್ಪಾ?" "ಮೂರು." ಅವತ್ತು ಊಟದ ಬಿಡುವನ್ನೇ ಮೂರು ತಾಸು ಮಾಡಿ, ಎಲ್ಲರಿಗೂ ಮಿರ್ಚಿ-ಮಂಡಕ್ಕಿ ತರಿಸಿ, ಆ ಹೊತ್ತಿನ ಕೂಲಿಯನ್ನೂ ಕೊಟ್ಟರು.

ಪರೀಕ್ಷೆ ಶುರುವಾಗುವ ಮುಂಚೆ ಆನ್‌ಲೈನಿನಲ್ಲಿ ನೋಡುತ್ತಿದ್ದ ಮೇಲ್ವಿಚಾರಕಿ ಕಂಪ್ಯೂಟರಿನ ಪರದೆಯನ್ನೇ ಕನ್ನಡಿಯಲ್ಲಿ ತೋರಿಸು ಅಂದಳು, ಅಂಚಿಗೆ ಚೀಟಿ ಅಂಟಿಸಿದ್ದೇನೋ ಎಂದು ನೋಡಲು. ಕೈಗನ್ನಡಿ ಇಟ್ಟುಕೊಂಡಿರಲಿಲ್ಲ. ಕೋಣೆಯಲ್ಲಿದ್ದದ್ದು ಗಿರಾಕಿಗಳು ಪ್ಯಾಂಟ್ ಹಾಕಿ ನೋಡುವ ಆಳೆತ್ತರದ ಕನ್ನಡಿ. ಅದನ್ನೇ ಎಳೆದು ತಂದು ಕ್ಯಾಮೆರಾದ ಎದುರು ಓರೆಯಾಗಿ ಹಿಡಿದೆ. ಪರದೆಯ ಜತೆ ಹಿಂದಿದ್ದ ಡೆನಿಮ್ ಥಾನುಗಳೂ ಕಂಡವು. ಅವು ಏನು ಎಂದು ಕೇಳಿದಳು. ಬಟ್ಟೆ ಅಂದೆ. ಅವುಗಳ ಹಿಂದೆ ಯಾರೂ ಇಲ್ಲವೆಂದು ಮತ್ತೊಮ್ಮೆ ಸುತ್ತ ತೋರಿಸಿದ ಮೇಲೆ ಬಿಟ್ಟಳು. ಮೈಯೆಲ್ಲ ಬೆವರು. ಮೊದಲ ಹತ್ತು ಪ್ರಶ್ನೆ ಏನು ಓದಿದೆನೋ ಗೊತ್ತಿಲ್ಲ. ಆದರೂ 120ಕ್ಕೆ 97 ಬಂತು. ಇನ್ವರ್ಟರ್ ಮೇಲೆ ಕಂಪ್ಯೂಟರ್ ಜತೆ ರೌಟರನ್ನೂ ಹಾಕಿಡಿ, ಕರೆಂಟ್ ಹೋದರೆ ಎಲ್ಲರೂ ಮರೆಯುವುದು ರೌಟರನ್ನೇ.

ಇಷ್ಟು ಮುಗಿದಾಗ ಕಷ್ಟದ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜವಾಗಿ ಗೋಳು ಹೊಯ್ದುಕೊಂಡದ್ದು ಕಾಗದಗಳು.

ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್. ಆಧಾರಿನಲ್ಲಿ ಅದೇ ಇನಿಷಿಯಲ್ ಹೆಸರಿನ ಕೊನೆಗೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ನನ್ನ ಸರ್‌ನೇಮ್. ನಮ್ಮ ಕಡೆ ಅರ್ಧ ಊರಿನ ಕಥೆ ಇದೇ. ಬಾಂಡ್ ಪೇಪರ್ ಮೇಲೆ ಈ ಮೂವರೂ ಒಬ್ಬನೇ ಎಂದು ಅಫಿಡವಿಟ್ ಬರೆಸಿ ನೋಟರಿ ಸೀಲು ಹಾಕಿಸಿದೆ, ಇಂಗ್ಲಿಷಿನಲ್ಲಿ, ಮೂರು ಪ್ರತಿ. ಟ್ರಾನ್ಸ್‌ಕ್ರಿಪ್ಟಿಗೆ, ಅಂದರೆ ಎಲ್ಲ ಸೆಮಿಸ್ಟರುಗಳ ಅಂಕ ಸೇರಿದ ಅಧಿಕೃತ ಪಟ್ಟಿಗೆ, ಅರ್ಜಿ ಹಾಕಿದ ಮೇಲೆ ಕಚೇರಿ ಅರ್ಧ ಸಿಬ್ಬಂದಿಯಲ್ಲಿ ನಡೆಯುತ್ತಿದೆ ಎಂದು ಏಳು ವಾರ ಕಾಯಿಸಿದರು. ಶಿಫಾರಸು ಪತ್ರ ಕೊಡುವ ಮೇಷ್ಟ್ರು ಪಾಪ ಒಂದೇ ದಿನಕ್ಕೆ ಬರೆದುಕೊಟ್ಟರು, ಆದರೆ ಅವರಿಗೆ ಇದ್ದದ್ದು ಜಿಮೇಲ್ ಒಂದೇ. ಒಂದು ವಿಶ್ವವಿದ್ಯಾಲಯ ಕಾಲೇಜಿನ ಅಧಿಕೃತ ಮೇಲ್ ಬೇಕೆಂದಿತು. ಅದನ್ನು ಹೊಸದಾಗಿ ತೆರೆಸಲು ಇನ್ನೊಂದು ವಾರ.

ಅಂಕದ ಲೆಕ್ಕದಲ್ಲಿ ನಾನು ಎಡವಿದ್ದನ್ನು ಬಿಡಿಸಿ ಹೇಳಬೇಕು. ಅವರ ಪದ್ಧತಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ನಮ್ಮ ಅಂಕವನ್ನು ಬವೇರಿಯನ್ ಸೂತ್ರದಲ್ಲಿ ಬದಲಿಸುತ್ತಾರೆ. ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ನನ್ನದು 10ಕ್ಕೆ 7.6. ಪಾಸಿಗೆ 4 ಸಾಕು ಎಂದು ಹಿಡಿದು ಲೆಕ್ಕ ಹಾಕಿದಾಗ 2.2 ಬಂತು, ಕುಣಿದಾಡಿದೆ. ಆಮೇಲೆ ಟ್ರಾನ್ಸ್‌ಕ್ರಿಪ್ಟಿನ ಹಿಂಬದಿಯ ನಿಯಮ ಓದಿದರೆ ಪದವಿಗೆ ಕನಿಷ್ಠ 5 ಬೇಕು ಎಂದಿತ್ತು. ಅದೇ 7.6 ಈಗ 2.44. ಎಷ್ಟೋ ಕೋರ್ಸುಗಳಿಗೆ 2.5 ಗಡಿ. ಕೂದಲೆಳೆಯಲ್ಲಿ ಉಳಿದುಕೊಂಡೆ. 2.2 ನಂಬಿ ಆರಿಸಿದ್ದ ಎರಡು ಕೋರ್ಸುಗಳನ್ನು ಕೈಬಿಟ್ಟು ಐದು ಕಡೆ ಅರ್ಜಿ ಹಾಕಿದೆ. ಮೂರು, ವಿಶ್ವವಿದ್ಯಾಲಯಗಳ ಪರವಾಗಿ ಹೊರದೇಶದವರ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ, ಮೊದಲನೆಯದಕ್ಕೆ 75 ಯೂರೋ, ಉಳಿದವಕ್ಕೆ ತಲಾ 30. ಇನ್ನೆರಡು ನೇರವಾಗಿ.

2021ರ ಏಪ್ರಿಲಿಗೆ ಎರಡನೇ ಅಲೆ. ತೋರಣಗಲ್ಲಿನಿಂದ ಆಕ್ಸಿಜನ್ ಟ್ಯಾಂಕರ್‌ಗಳು ಹೊರಡುತ್ತಿದ್ದ ದಿನಗಳು. ಭಾರತವನ್ನು ಜರ್ಮನಿ ಏಪ್ರಿಲ್ 26ರಿಂದ ರೂಪಾಂತರಿ ವೈರಸ್ ಪ್ರದೇಶ ಎಂದು ಘೋಷಿಸಿ ಬಾಗಿಲು ಮುಚ್ಚಿತು. ಅಪ್ಪನಿಗೂ ಬಂತು, ಹದಿನೈದು ದಿನ ಮಹಡಿಯ ಕೋಣೆಯಲ್ಲಿದ್ದರು. ಆ ದಿನಗಳಲ್ಲಿ ನಾನು ಮೇಲ್ ತೆರೆದು ನೋಡಿದ್ದೇ ಕಡಿಮೆ. ಜೂನ್ ಮೊದಲ ವಾರ ತೆರೆದಾಗ ಎರಡು ಕಡೆಯಿಂದ ಪ್ರವೇಶ ಪತ್ರ ಬಂದಿತ್ತು. ಒಂದು ಚೆಮ್ನಿಟ್ಸ್.

ಲಸಿಕೆಯ ಗೊಂದಲ ಅಲ್ಲಿಂದ ಶುರು. ಕೋವಿಶೀಲ್ಡ್ ಎರಡು ಡೋಸಿನ ನಡುವೆ ಆಗ 12ರಿಂದ 16 ವಾರ ಎಂದು ನಿಯಮ. ಜೂನಿನಲ್ಲಿ ಮೊದಲನೆಯದು ಹಾಕಿಸಿಕೊಂಡರೆ ಎರಡನೆಯದು ಸೆಪ್ಟೆಂಬರ್, ಲಸಿಕೆ ಪೂರ್ತಿಯಾಯಿತು ಎನ್ನಿಸಿಕೊಳ್ಳಲು ಅದರ ಮೇಲೆ ಇನ್ನೂ 14 ದಿನ. ಓದಲು ಹೊರದೇಶಕ್ಕೆ ಹೋಗುವವರಿಗೆ 28 ದಿನಕ್ಕೇ ಕೊಡಬಹುದೆಂದು ಕೇಂದ್ರ ಸರ್ಕಾರ ಜೂನ್ 7ರಂದು ಸೂಚನೆ ಹೊರಡಿಸಿದ್ದು ನನ್ನ ಪುಣ್ಯ. ಲಸಿಕಾ ಕೇಂದ್ರದ ಅಕ್ಕನಿಗೆ ಇದು ಗೊತ್ತಿರಲಿಲ್ಲ. "84 ದಿನ ಆಗ್ದೆ ಸಿಸ್ಟಮ್ಮೇ ತಗಳ್ಳಲ್ಲಪ್ಪ" ಅಂದರು. ಆ ಸೂಚನೆಯ ಪ್ರಿಂಟ್, ಪ್ರವೇಶ ಪತ್ರ, ಪಾಸ್‌ಪೋರ್ಟ್ ಹಿಡಿದು ಮೇಲಿನ ಕಚೇರಿಗೆ ಎರಡು ಸಲ ಓಡಾಡಿದ ಮೇಲೆ ಜುಲೈನಲ್ಲಿ ಎರಡನೆಯದು ಸಿಕ್ಕಿತು. ಕೋವಿನ್ ಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿಕೊಂಡು, ಹೆಸರನ್ನೂ ಪಾಸ್‌ಪೋರ್ಟಿನಂತೆ ತಿದ್ದಿಸಿದೆ. ನನ್ನ ಗೆಳೆಯ ಸಿಕ್ಕಿದ್ದನ್ನು ಹಾಕಿಸಿಕೊಂಡಿದ್ದ, ಅದು ಕೋವ್ಯಾಕ್ಸಿನ್. ಜರ್ಮನಿ ಆಗ ಅದನ್ನು ಒಪ್ಪುತ್ತಿರಲಿಲ್ಲ. ಹೋದವನು ಕ್ವಾರಂಟೈನಿನಲ್ಲಿ ಕೂತ.

ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ 10,332 ಯೂರೋ ತೋರಿಸಬೇಕಿತ್ತು, ಆಗಿನ ಲೆಕ್ಕಕ್ಕೆ 9 ಲಕ್ಷ ರೂಪಾಯಿ ದಾಟುತ್ತದೆ. ಅಲ್ಲಿ ಹೋದ ಮೇಲೆ ತಿಂಗಳಿಗೆ 861 ಯೂರೋದಂತೆ ನಮಗೇ ವಾಪಸ್ ಬಿಡುತ್ತಿದ್ದರು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಿತು, ಘಟಕವಿರುವ ಮನೆಯನ್ನೇ ಇಟ್ಟೆವು. ಕೈದುಡ್ಡು ಕಳಿಸುವುದಕ್ಕಿಂತ ಸಾಲದ ದುಡ್ಡು ಕಳಿಸುವುದು ಒಂದು ಲೆಕ್ಕದಲ್ಲಿ ಹಗುರ: ಆಗ 7 ಲಕ್ಷ ಮೀರಿದ ಮೊತ್ತಕ್ಕೆ ಟಿಸಿಎಸ್ (ದುಡ್ಡು ಕಳಿಸುವಾಗ ಬ್ಯಾಂಕೇ ಹಿಡಿದುಕೊಳ್ಳುವ ತೆರಿಗೆ) ಸಾಲದ್ದಾದರೆ ಶೇ 0.5, ಕೈದುಡ್ಡಾದರೆ ಶೇ 5. ನಮಗೆ ಹಿಡಿದದ್ದು ಸಾವಿರದ ಆಸುಪಾಸು. ರಿಟರ್ನ್ ಸಲ್ಲಿಸಿದರೆ ಅದೂ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ, ಇಲ್ಲವೇ ವಾಪಸ್ ಬರುತ್ತದೆ.

ಜುಲೈ 7ಕ್ಕೆ ಜರ್ಮನಿ ಭಾರತವನ್ನು ಆ ರೂಪಾಂತರಿ ವೈರಸ್ ಪ್ರದೇಶಗಳ ಪಟ್ಟಿಯಿಂದ ಇಳಿಸಿತು. ಆಗಸ್ಟಿನಲ್ಲಿ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ವೀಸಾಕ್ಕೆ ಕಾಗದ ಕೊಟ್ಟು ಬಂದೆ. ಸೆಪ್ಟೆಂಬರ್ ಕೊನೆಗೆ ಪಾಸ್‌ಪೋರ್ಟ್ ಬಂತು.

ಈಗ ಹೋಗುವವರು ನನ್ನ ಲೆಕ್ಕವನ್ನೇ ಹಿಡಿದು ಕೂರಬೇಡಿ. 2022ರ ನವೆಂಬರಿನಿಂದ ಭಾರತದವರಿಗೆ ಎಪಿಎಸ್ ಪ್ರಮಾಣಪತ್ರ (ನಮ್ಮ ಓದಿನ ಕಾಗದಗಳು ಅಸಲಿ ಎಂದು ಪರಿಶೀಲಿಸಿ ಕೊಡುವುದು) ಕಡ್ಡಾಯ, ಬ್ಲಾಕ್ಡ್ ಅಕೌಂಟಿನ ಮೊತ್ತ 2024ರ ಸೆಪ್ಟೆಂಬರಿನಲ್ಲಿ 11,904 ಯೂರೋ ಆಯಿತು. ಹೆಸರಿನ ಅಫಿಡವಿಟ್ ಮಾತ್ರ ಇವತ್ತೇ ಮಾಡಿಸಿಡಿ.

ಫ್ರಾಂಕ್‌ಫರ್ಟಿನಲ್ಲಿ ಕೌಂಟರಿನವನು ಪಾಸ್‌ಪೋರ್ಟನ್ನೂ ಲಸಿಕೆ ಪತ್ರವನ್ನೂ ಪಕ್ಕಪಕ್ಕ ಇಟ್ಟು, ಹೆಸರಿನ ಮೇಲೆ ಬೆರಳಾಡಿಸಿ ಸೀಲು ಹೊಡೆದ. ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. "ಬಾಂಡ್ ಪೇಪರ್ ಕೇಳಿದ್ರೇನಪ್ಪಾ?" ಅಂದರು ಅಪ್ಪ. ಇಲ್ಲ ಅಂದೆ. ಅವರಿಗೆ ಕೇಳಿಸಲಿಲ್ಲ, ಕೆಳಗೆ ಮಷಿನ್ ಓಡುತ್ತಿದ್ದವು. ಇನ್ನೊಮ್ಮೆ ಕೂಗಿ ಹೇಳಿದೆ.