ಹುಳದ ಮನೆಯ ಮಡಿ ಕೋಳಿ ಶೆಡ್ಡಿಗೂ ಬೇಕು

ಹುಳಕ್ಕೆ ರೋಗ ತಗುಲೀತು ಅಂತ ನಮ್ಮ ಅಮ್ಮ ರೇಷ್ಮೆ ಹುಳದ ಮನೆಗೆ ಯಾರನ್ನೂ ಬಿಡುತ್ತಿರಲಿಲ್ಲ. ನೆಂಟರು ಬಂದರೂ ಜಗಲಿ ಮೇಲೆಯೇ ಕಾಫಿ. ಕಾಲು ತೊಳೆಯದೆ ಒಳಗೆ ಹೋದರೆ ಅಪ್ಪನಿಗೂ ಬೈಗುಳ. ಶಿಡ್ಲಘಟ್ಟದ ಕಡೆಯವರಿಗೆ ಇದೇನು ಹೊಸದಲ್ಲ. ಅಂಥ ಮನೆಯಲ್ಲಿ ಬೆಳೆದ ನಾನು, ಎರಡು ಶೆಡ್ ಹಾಕಿ 3,000 ಬ್ರಾಯ್ಲರ್ ಸಾಕುವಾಗ ಮಾತ್ರ ಗೇಟು ತೆರೆದೇ ಇಟ್ಟಿದ್ದೆ.

ಒಮ್ಮೆ ಒಂದು ಶೆಡ್ ಖಾಲಿಯಾಗಿತ್ತು. ದ್ರಾಕ್ಷಿ ತೋಟಕ್ಕೆ ಕೋಳಿ ಗೊಬ್ಬರ ಒಯ್ಯಲು ಟ್ರ್ಯಾಕ್ಟರ್ ಬಂತು, ಬೇರೆ ಯಾರದೋ ಶೆಡ್ಡಿನಲ್ಲಿ ಅರ್ಧ ಲೋಡ್ ತುಂಬಿಕೊಂಡೇ ಬಂದಿತ್ತು. ವಾರದೊಳಗೆ ಪಕ್ಕದ ಶೆಡ್ಡಿನ ಮರಿಗಳು ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬೀಳತೊಡಗಿದವು. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಟ್ರ್ಯಾಕ್ಟರಿನಿಂದಲೇ ಬಂತು ಅಂತ ನನ್ನ ಲೆಕ್ಕ. ಈ ರೋಗ ತಡೆಯುವ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಟ್ಟಿದ್ದೆ, ನಿಜ. ಆದರೆ ಕುಡಿಯುವ ನೀರಿಗೆ ಬ್ಲೀಚಿಂಗ್ ಹಾಕುವುದನ್ನು ನಿಲ್ಲಿಸಿರಲಿಲ್ಲ. ಅದರಲ್ಲಿರುವ ಕ್ಲೋರಿನ್ ಲಸಿಕೆಯನ್ನೇ ಕೊಂದುಹಾಕುತ್ತದೆ! ಈಗ ಎರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸುತ್ತೇನೆ. ಲೀಟರ್ ನೀರಿಗೆ ಎರಡೂವರೆ ಗ್ರಾಂನಷ್ಟು ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಬೆಳಗಿನ ತಂಪಿನಲ್ಲಿ ಲಸಿಕೆ ಕೊಡುತ್ತೇನೆ. ಅದಕ್ಕೂ ಮುಂಚೆ ಒಂದೆರಡು ಗಂಟೆ ನೀರು ಬಂದ್ ಮಾಡಿದರೆ ಎಲ್ಲವೂ ಬಾಯಾರಿ ಕುಡಿಯುತ್ತವೆ.

ಈಗ ಗೊಬ್ಬರವನ್ನು ಚೀಲಕ್ಕೆ ತುಂಬಿ ರಸ್ತೆ ಬದಿಗೆ ನಾವೇ ಇಡುತ್ತೇವೆ. ಟ್ರ್ಯಾಕ್ಟರ್ ಗೇಟಿನೊಳಗೆ ಬರುವಂತಿಲ್ಲ. ತೋಟದವರು ಗೊಣಗುತ್ತಾರೆ, ಗೊಣಗಲಿ. ಕೋಳಿ ಹಿಡಿಯುವವರು ತರುವ ಕ್ರೇಟುಗಳೂ ಅಷ್ಟೇ, ಹತ್ತು ಊರು ಸುತ್ತಿ ಬಂದಿರುತ್ತವೆ. ತೊಳೆದು ಔಷಧಿ ಸಿಂಪಡಿಸದೆ ಒಳಗೆ ಬಿಡಬೇಡಿ.

ಪ್ರತಿ ಶೆಡ್ಡಿಗೂ ಬೇರೆ ಚಪ್ಪಲಿ ಇರಲಿ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿ ಎಲ್ಲರೂ ಇಡುತ್ತಾರೆ, ಆದರೆ ಅದರಲ್ಲಿ ಸಗಣಿ, ಹೊಟ್ಟು ತೇಲುತ್ತಿದ್ದರೆ ಔಷಧಿಗೆ ಬಲವೇ ಇರುವುದಿಲ್ಲ. ಮೊದಲು ಬ್ರಷ್ಷಿನಲ್ಲಿ ಮಣ್ಣು ಕೆರೆದು, ಆಮೇಲೆ ಅದ್ದಬೇಕು. ನೀರು ದಿನಾ ಬದಲಿಸಿ. ಬ್ಲೀಚಿಂಗ್ ನೀರಾದರೆ ನೆರಳಲ್ಲಿಡಿ, ಬಿಸಿಲಿಗೆ ಬೇಗ ಸತ್ವ ಹೋಗುತ್ತದೆ.

ಬ್ಯಾಚ್ ಮುಗಿದ ಮೇಲೆ ನೆಲಕ್ಕೆ ಹಾಸಿದ ಹೊಟ್ಟನ್ನೆಲ್ಲ ತೆಗೆದು, ತೊಳೆದು, ಒಣಗಿಸಿ, ಅಮ್ಮ ಹುಳದ ಮನೆಗೆ ಹಾಕುತ್ತಿದ್ದ ಅಳತೆಯಲ್ಲೇ ಸಿಂಪಡಿಸುತ್ತೇನೆ: 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪುಡಿ, 300 ಗ್ರಾಂ ಸುಣ್ಣ. ಆಮೇಲೆ ಹದಿನೈದು ದಿನ ಶೆಡ್ ಖಾಲಿ. ಮರಿ ರೇಟು ಕಡಿಮೆ ಇದೆ ಅಂತ ಆತುರಪಡಬೇಡಿ. ಎರಡು ವಯಸ್ಸಿನ ಕೋಳಿ ಒಂದೇ ಜಾಗದಲ್ಲಿ ಸಾಕುವುದನ್ನೂ ನಾನು ಬಿಟ್ಟೆ.

ರಾಗಿ ಕೊಯ್ಲಿನ ಹೊತ್ತಿಗೆ ಇಲಿ ಜಾಸ್ತಿ. ಫೀಡ್ ಚೀಲ ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಗುಬ್ಬಿ ನುಗ್ಗದಷ್ಟು ಸಣ್ಣ ಜಾಲರಿ ಹಾಕಿಸಿ. ಸತ್ತ ಕೋಳಿಯನ್ನು ಬೇಲಿಯಾಚೆ ಬಿಸಾಡಿದರೆ ನಾಯಿ, ಕಾಗೆ ಊರಿಗೆಲ್ಲ ಹಂಚುತ್ತವೆ. ಆಳವಾದ ಗುಂಡಿ, ಮೇಲೆ ಸುಣ್ಣ, ಮೇಲೆ ಮಣ್ಣು.

2025ರಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂತಲ್ಲ, ಅದು ಕಾಣಿಸಿಕೊಂಡಿದ್ದು ಮನೆಯಲ್ಲಿ ಸಾಕಿದ ಕೋಳಿಗಳಲ್ಲಿ. ಹಾಗಾಗಿ ಶೆಡ್ಡಿರಲಿ ಮನೆಯಿರಲಿ, ಒಮ್ಮೆಲೇ ಹಲವು ಕೋಳಿ ಸತ್ತರೆ ನೀವೇ ಕೊಯ್ದು ನೋಡಬೇಡಿ, ಮಾರಲೂ ಬೇಡಿ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಕಷ್ಟದ ಮಾತು ಕೊನೆಗಿಟ್ಟಿದ್ದೇನೆ. ಶೆಡ್ಡಿನಲ್ಲಿ ಕೆಲಸ ಮಾಡುವವರು ಮನೆಯಲ್ಲಿ ನಾಟಿ ಕೋಳಿ ಸಾಕಬಾರದು, ಅಲ್ಲಿನ ರೋಗ ಅವರ ಜೊತೆಗೇ ಶೆಡ್ಡಿಗೆ ಬರಬಹುದು. ಮಾರಮ್ಮನ ಹಬ್ಬಕ್ಕೆ ಕೋಳಿ ಬೇಡವೇ ಅಂತ ನಮ್ಮ ಕೆಲಸದವರು ಕೇಳಿದರು. ಅವರು ಕೇಳುವುದೂ ಸರಿ ಅಲ್ವಾ? ಈಗ ಹಬ್ಬದ ದಿನ ಹುಂಜದ ದುಡ್ಡು ನಾನೇ ಕೊಡುತ್ತೇನೆ, ಮಾರನೇ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ ಬರುತ್ತಾರೆ.